ಒಂದೇ ಗಿಟಾರ್, ನಾಲ್ಕು ಗಂಟೆಯ ರಸಮಂಜರಿ

ಪ್ರಶ್ನೆ: ನನಗೆ 34 ವರ್ಷ, ಊರು ಶಿರಸಿಯ ಹತ್ತಿರ. ಹತ್ತು ವರ್ಷದಿಂದ ಅಕೌಸ್ಟಿಕ್ ಗಿಟಾರ್ ನುಡಿಸುತ್ತಿದ್ದೇನೆ. ಈಗ ಒಂದು ರಸಮಂಜರಿ ತಂಡ ಸೇರಿಕೊಂಡಿದ್ದೇನೆ. ಒಂದೇ ರಾತ್ರಿ ಭಾವಗೀತೆ, ಎಂಬತ್ತರ ದಶಕದ ಸಿನಿಮಾ ಹಾಡು, ರಾಕ್ ಧಾಟಿಯ ಹೊಸ ಹಾಡು ಎಲ್ಲ ಬರುತ್ತವೆ. 45 ಸಾವಿರ ರೂಪಾಯಿ ಕೂಡಿಟ್ಟಿದ್ದೇನೆ. ಗೆಳೆಯರು ‘ಸ್ಟ್ರಾಟ್ ಮಾದರಿಯದೊಂದು, ಲೆಸ್ ಪಾಲ್ ಮಾದರಿಯದೊಂದು, ಕಡಿಮೆ ಬೆಲೆಯವು ಎರಡು ತಗೋ’ ಅನ್ನುತ್ತಾರೆ (ಫೆಂಡರ್, ಗಿಬ್ಸನ್ ಕಂಪನಿಗಳ ಹೆಸರಾಂತ ಎರಡು ಎಲೆಕ್ಟ್ರಿಕ್ ಗಿಟಾರುಗಳ ಮಾದರಿಗಳು). ಎಲ್ಲಕ್ಕೂ ಒದಗುವ ಒಂದೇ ಎಲೆಕ್ಟ್ರಿಕ್ ಗಿಟಾರ್ ಇದೆಯೇ? ಇನ್ನೊಂದು: ತಂಡದ ಹಳೆಯ ಗಿಟಾರ್ ಪೆಂಡಾಲಿನಲ್ಲಿ ಸದಾ ಗುಂಯ್ ಅನ್ನುತ್ತಿರುತ್ತದೆ. ಮಳೆಗಾಲ ಬಂದರೆ ತಂತಿ ಮೇಲೆದ್ದು ಒತ್ತಲು ಕಷ್ಟ. ಇದು ಹೊಸದಕ್ಕೂ ತಪ್ಪಿದ್ದಲ್ಲವೇ?

ಉತ್ತರ: ಇದೆ. ಒಂದೇ ಸಾಕು. ಆದರೆ 45 ಸಾವಿರವನ್ನೂ ಗಿಟಾರಿಗೇ ಸುರಿಯಬೇಡಿ. ಗಿಟಾರಿಗೆ ಇಪ್ಪತ್ತೈದರಿಂದ ಮೂವತ್ತು, ಉಳಿದದ್ದು ಬೇರೆ ಎರಡು ವಿಷಯಕ್ಕೆ. ಅವು ಯಾವುವು ಅಂತ ಮುಂದೆ ಹೇಳುತ್ತೇನೆ, ಏಕೆಂದರೆ ನಿಮ್ಮ ತಂಡದ ಸದ್ದು ಕೆಡುವುದಿದ್ದರೆ ಅಲ್ಲೇ ಕೆಡುತ್ತದೆ.

ಗೆಳೆಯರ ಸಲಹೆ ಕೇಳಲು ಚೆನ್ನಾಗಿದೆ, ವೇದಿಕೆಯಲ್ಲಿ ನಡೆಯುವುದಿಲ್ಲ. ನಾನೂ ಒಂದು ಕಾಲಕ್ಕೆ ರಸಮಂಜರಿಯಲ್ಲಿ ನುಡಿಸಿದವನು, ಆಮೇಲೆ ರಿಪೇರಿಗೆ ಕೂತವನು. ಭಾವಗೀತೆ ಮುಗಿದು ನಿರೂಪಕಿ ಎರಡು ಮಾತಾಡುವಷ್ಟರಲ್ಲಿ ಒಂದು ಗಿಟಾರ್ ಕಳಚಿ, ಇನ್ನೊಂದನ್ನು ಹೆಗಲಿಗೇರಿಸಿ, ಜ್ಯಾಕ್ ಕಿತ್ತು ಚುಚ್ಚಿ, ಶ್ರುತಿ ನೋಡಿಕೊಳ್ಳುವುದು ಆಗದ ಮಾತು. ಜೊತೆಗೆ ಅಷ್ಟು ಕಡಿಮೆ ಬೆಲೆಯ ಎರಡು ಗಿಟಾರ್ ಅಂದರೆ ಶ್ರುತಿ ನಿಲ್ಲದ ಎರಡು ಗಿಟಾರ್ ಅಂತಲೇ ಅರ್ಥ.

ನಿಮಗೆ ಬೇಕಾದದ್ದನ್ನು ಅಂಗಡಿಯಲ್ಲಿ ಎಚ್‌ಎಸ್‌ಎಸ್ ಅನ್ನುತ್ತಾರೆ. ಸ್ಟ್ರಾಟ್ ಆಕಾರದ ಮೈ, ನೆಕ್ (ಬೆರಳೊತ್ತುವ ಉದ್ದನೆಯ ಹಿಡಿ) ಕಡೆ ಮತ್ತು ನಡುವೆ ಒಂದೊಂದು ಸಿಂಗಲ್ ಕಾಯಿಲ್ ಪಿಕಪ್, ಬ್ರಿಜ್ (ಮೈಮೇಲೆ ತಂತಿಗಳ ತುದಿ ಕೂರುವ ಲೋಹದ ಪಟ್ಟಿ) ಪಕ್ಕ ಒಂದು ಹಂಬಕರ್. ಎಚ್ ಅಂದರೆ ಹಂಬಕರ್, ಎಸ್ ಅಂದರೆ ಸಿಂಗಲ್ ಕಾಯಿಲ್. ಇದರಲ್ಲಿ ಎಲ್ಲವೂ ಹೇಗೆ ಒದಗುತ್ತದೆ ಅನ್ನುವುದು ತಿಳಿಯಬೇಕಾದರೆ ಪಿಕಪ್ ಏನು ಮಾಡುತ್ತದೆ ಅಂತ ಸ್ವಲ್ಪ ನೋಡಬೇಕು.

ಅಯಸ್ಕಾಂತಕ್ಕೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ಅದೇ ಸಿಂಗಲ್ ಕಾಯಿಲ್. ಮೇಲೆ ಉಕ್ಕಿನ ತಂತಿ ಅಲುಗಿದಾಗ ಸುರುಳಿಯಲ್ಲಿ ಪುಟ್ಟ ವಿದ್ಯುತ್ ಹುಟ್ಟುತ್ತದೆ. ಸದ್ದು ತಿಳಿ, ಗಂಟೆಯ ಹಾಗೆ ಚೊಕ್ಕ. ತೊಂದರೆ ಏನೆಂದರೆ ಆ ಸುರುಳಿ ಒಳ್ಳೆಯ ಆಂಟೆನಾ ಕೂಡ. ಪೆಂಡಾಲಿನ ದೀಪ, ಟ್ರಾನ್ಸ್‌ಫಾರ್ಮರ್, ಹತ್ತಿರದ ವೈರು ಎಲ್ಲದರಿಂದ ಕರೆಂಟಿನ 50 ಹರ್ಟ್ಜ್ ಕಂಪನ ಮತ್ತು ಅದರ ಮೇಲಿನ ಗುಣಕಗಳನ್ನು ಹೀರಿಕೊಳ್ಳುತ್ತದೆ. ನಿಮ್ಮ ಹಳೆಯ ಗಿಟಾರಿನ ಗುಂಯ್‌ಕಾರ ಅದೇ. ಒಮ್ಮೆ ಪರೀಕ್ಷಿಸಿ ನೋಡಿ: ಆರನೇ ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ (ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿದರೆ ಬರುವ ಜಿ ಸ್ವರ 98 ಹರ್ಟ್ಜ್. ಗುಂಯ್ ಸದ್ದಿನಲ್ಲಿ 50ರ ಎರಡರಷ್ಟಾದ 100 ಅದಕ್ಕಿಂತ ಕೂದಲೆಳೆಯಷ್ಟು ಮೇಲೆ. ಹಾಗಾಗಿ ಜಿ ಶ್ರುತಿಯ ಹಾಡಿಗೆ ಈ ಗುಂಯ್ ಶ್ರುತಿ ತಪ್ಪಿದ ತಂಬೂರಿಯ ಹಾಗೆ ಹಿಂದೆ ನಿಂತು ಕಾಡುತ್ತದೆ.

ಇದಕ್ಕೆ ಮದ್ದು ಹುಡುಕಿದ್ದು ಗಿಬ್ಸನ್ ಕಂಪನಿಯ ಸೆತ್ ಲವರ್. 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಅವರ ಪಿಕಪ್ 1957ರಲ್ಲಿ ಲೆಸ್ ಪಾಲ್ ಗಿಟಾರಿಗೆ ಬಂತು. ಎರಡು ಸುರುಳಿ ಅಕ್ಕಪಕ್ಕ. ಒಂದರ ಅಯಸ್ಕಾಂತದ ಧ್ರುವ ಇನ್ನೊಂದಕ್ಕೆ ತಿರುಗುಮುರುಗು, ಸುರುಳಿಯ ದಿಕ್ಕೂ ತಿರುಗುಮುರುಗು. ಹೊರಗಿನಿಂದ ಬಂದ ಗುಂಯ್ ಎರಡರಲ್ಲೂ ಎದುರುಬದುರಾಗಿ ಹುಟ್ಟಿ ಒಂದನ್ನೊಂದು ಅಳಿಸಿಬಿಡುತ್ತದೆ. ತಂತಿಯ ಸ್ವರ ಮಾತ್ರ ಎರಡು ಸಲ ತಿರುಗಿದ್ದರಿಂದ ಕೂಡಿಕೊಳ್ಳುತ್ತದೆ. ಹೆಸರೇ ಹಂ ಬಕ್ ಮಾಡುವುದು, ಅಂದರೆ ಗುಂಯ್‌ಕಾರವನ್ನು ಕೊಡವಿ ಎಸೆಯುವುದು. ಎರಡು ಜಾಗದಲ್ಲಿ ತಂತಿಯನ್ನು ಕೇಳುವುದರಿಂದ ಚೂಪು ಸ್ವಲ್ಪ ಇಳಿದು ಸದ್ದು ದಪ್ಪಗಾಗುತ್ತದೆ. ರಾಕ್ ಹಾಡಿಗೆ ಡಿಸ್ಟಾರ್ಷನ್ (ಬೇಕೆಂದೇ ಒಡಕು ಮಾಡಿದ ಸದ್ದು) ಕೊಟ್ಟಾಗ ನಿಮಗೆ ಬೇಕಾದ ದಪ್ಪ ಅದೇ.

ಇನ್ನು ಆ ಐದು ನೆಲೆಯ ಸ್ವಿಚ್ಚು. 1954ರಲ್ಲಿ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಬಂದಾಗ ಅದಕ್ಕಿದ್ದದ್ದು ಮೂರೇ ನೆಲೆ. ಅದನ್ನು ಮಾಡಿದ ಲಿಯೊ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ನುಡಿಸುವವರನ್ನು ಕರೆದು ಕೇಳಿ ತಿದ್ದುತ್ತಿದ್ದ ರೇಡಿಯೊ ರಿಪೇರಿಯವರು ಅವರು (ನಮ್ಮ ಕಸುಬಿನವರು ಅಂತ ನನಗೆ ಸ್ವಲ್ಪ ಹೆಮ್ಮೆ). ನುಡಿಸುವವರೇ ಸ್ವಿಚ್ಚನ್ನು ಎರಡು ನೆಲೆಗಳ ನಡುವೆ ಸಿಕ್ಕಿಸಿ ನಿಲ್ಲಿಸಿ, ಎರಡು ಪಿಕಪ್ ಒಟ್ಟಿಗೆ ನುಡಿಯುವ ಟೊಳ್ಳು ಟೊಳ್ಳಾದ, ಗಾಜಿನಂಥ ಸದ್ದು ಕಂಡುಕೊಂಡರು. ಕಾರ್ಖಾನೆ ಐದು ನೆಲೆಯ ಸ್ವಿಚ್ಚು ಹಾಕಿದ್ದು 1977ರಲ್ಲಿ. ನಿಮ್ಮ ಸಿನಿಮಾ ಹಾಡುಗಳಲ್ಲಿ ಕಾರ್ಡನ್ನು ಒಂದೊಂದೇ ತಂತಿಯಾಗಿ ಬಿಡಿಸಿ ನುಡಿಸುವಾಗ ಬೇಕಾಗುವುದು ಹೆಚ್ಚಾಗಿ ಈ ನಡುವಿನ ನೆಲೆಗಳೇ. ಈಗಿನ ಎಷ್ಟೋ ಗಿಟಾರುಗಳಲ್ಲಿ ನಡುವಿನ ಪಿಕಪ್ಪನ್ನು ತಿರುಗುಮುರುಗಾಗಿ ಸುತ್ತಿರುತ್ತಾರೆ. ಹಾಗಾಗಿ ನೆಕ್ ಮತ್ತು ನಡು ಸೇರುವ ನೆಲೆಯಲ್ಲಿ ಗುಂಯ್ ಕೂಡ ಹೆಚ್ಚುಕಡಿಮೆ ಮಾಯ.

ಇಷ್ಟಾದರೆ ನಿಮ್ಮ ರಾತ್ರಿ ಹೀಗೆ ಸಾಗುತ್ತದೆ. ಭಾವಗೀತೆಗೆ ನೆಕ್ ಪಿಕಪ್, ಟೋನ್ ನಾಬ್ ಅರ್ಧಕ್ಕೆ. ಹಳೆಯ ಸಿನಿಮಾ ಹಾಡಿಗೆ ನೆಕ್ ಮತ್ತು ನಡು ಒಟ್ಟಿಗೆ. ಕುಣಿತದ ಹಾಡಿನ ಚಕಚಕ ಲಯಕ್ಕೆ ನಡು ಮತ್ತು ಬ್ರಿಜ್. ರಾಕಿಗೆ ಬ್ರಿಜ್ ಹಂಬಕರ್ ಒಂದೇ. ಬ್ರಿಜ್ ಕಡೆ ತೆಳ್ಳನೆಯ ಸದ್ದೇ ಬೇಕೆಂದಾಗ ಹಂಬಕರಿನ ಒಂದು ಸುರುಳಿಯನ್ನು ಕಡಿದು ನುಡಿಸುವ ಸೌಕರ್ಯವೂ ಇರಬೇಕು. ಅದಕ್ಕೆ ಕಾಯಿಲ್ ಸ್ಪ್ಲಿಟ್ ಅನ್ನುತ್ತಾರೆ. ಟೋನ್ ನಾಬನ್ನು ಮೇಲಕ್ಕೆ ಎಳೆದರೆ ಆಗುತ್ತದೆ. ಎಳೆದಾಗ ಗುಂಯ್ ಮರಳಿ ಬರುತ್ತದೆ ಅನ್ನುವುದು ನೆನಪಿರಲಿ. ಅರ್ಧ ಹಂಬಕರ್ ಅಂದರೆ ಸಿಂಗಲ್ ಕಾಯಿಲ್ಲೇ.

ಹೆಸರು ಹೇಳಲೇಬೇಕೆಂದರೆ ಯಮಾಹಾ ಪೆಸಿಫಿಕಾ 112ವಿ ನೋಡಿ. ಎಚ್‌ಎಸ್‌ಎಸ್, ಟೋನ್ ನಾಬಿನಲ್ಲೇ ಸ್ಪ್ಲಿಟ್, ಬೋಲ್ಟ್ ಹಾಕಿದ ನೆಕ್. ಮಿರುಗುವ ಗಿಟಾರ್ ಅಲ್ಲ, ನಂಬಬಹುದಾದದ್ದು. ಸ್ಕ್ವಯರ್, ಐಬನೆಜ್ ಕಂಪನಿಗಳದ್ದೂ ಇದೇ ಬಗೆಯವು ಇವೆ, ಕೈಗೆ ಯಾವುದು ಹಿಡಿಸುತ್ತದೋ ಅದು. ಪಿಆರ್‌ಎಸ್ ಎಸ್‌ಇ ಕಸ್ಟಂ 24 ಇನ್ನೂ ಚೆನ್ನ, ನಿಮ್ಮ ಬಜೆಟ್ಟಿಗೆ ಮಾತ್ರ ಕೂಡುವುದಿಲ್ಲ.

ಲೆಸ್ ಪಾಲ್ ಮಾದರಿ ನಿಮಗೆ ಬೇಡ ಅನ್ನಲು ಸದ್ದು ಕಾರಣವಲ್ಲ. ಭಾರ ಒಂದು. ನಾಲ್ಕು ಕಿಲೋ ದಾಟಿದ ಗಿಟಾರನ್ನು ನಾಲ್ಕು ಗಂಟೆ ಹೊತ್ತರೆ ಮರುದಿನ ಎಡಹೆಗಲು ಏಳುವುದಿಲ್ಲ. ಇನ್ನೊಂದು, ಅದರ ತಲೆ ನೆಕ್ಕಿನಿಂದ 17 ಡಿಗ್ರಿಯಷ್ಟು ಹಿಂದಕ್ಕೆ ಬಾಗಿರುತ್ತದೆ. ತಲೆ ನೆಕ್ಕಿಗೆ ಸೇರುವ ಆ ಕುತ್ತಿಗೆಯ ಜಾಗದಲ್ಲಿ ಮರ ತೆಳು, ಒಳಗೆ ತ್ರಸ್ ರಾಡಿಗೆ (ನೆಕ್ಕಿನ ಬಾಗು ತಿದ್ದುವ ಲೋಹದ ಸರಳು) ಕೊರೆದ ತೂತು ಬೇರೆ. ಬಸ್ಸಿನಲ್ಲಿ ಚೀಲ ಮಲಗಿದರೆ, ಸ್ಟ್ಯಾಂಡಿನಿಂದ ಒಮ್ಮೆ ಹಿಂದಕ್ಕೆ ಬಿದ್ದರೆ, ಅಲ್ಲೇ ಲಟಕ್. ನನ್ನ ಮೇಜಿಗೆ ಬಂದ ಮುರಿದ ನೆಕ್ಕುಗಳಲ್ಲಿ ಬಹುಪಾಲು ಈ ಜಾಗದವೇ. ಸ್ಟ್ರಾಟ್ ಮಾದರಿಯ ತಲೆ ಚಪ್ಪಟೆ, ನೆಕ್ ನಾಲ್ಕು ಬೋಲ್ಟಿನ ಮೇಲೆ ನಿಂತಿರುತ್ತದೆ. ಅಪ್ಪಿತಪ್ಪಿ ಏನಾದರೂ ಆದರೆ ನೆಕ್ಕನ್ನೇ ಬಿಚ್ಚಿ ಬೇರೆ ಹಾಕಬಹುದು. ಘಟ್ಟದ ರಸ್ತೆಯಲ್ಲಿ ಟೆಂಪೊ ಹಿಂದೆ ಪ್ರಯಾಣ ಮಾಡುವವರಿಗೆ ಇದು ಸಣ್ಣ ಮಾತಲ್ಲ.

ಬ್ರಿಜ್ಜನ್ನು ಅಲುಗಿಸಿ ಸ್ವರ ನಡುಗಿಸುವ ಟ್ರೆಮೊಲೊ ಹಿಡಿಯ ಬಗ್ಗೆ ಒಂದು ಅನುಭವ. ಜಾತ್ರೆಯೊಂದರಲ್ಲಿ ನನ್ನ ಗಿಟಾರಿನ ಮೊದಲ ತಂತಿ ಹಾಡಿನ ನಡುವೆ ಹರಿಯಿತು. ಆ ಬ್ರಿಜ್ ಹಿಂದಿನ ಸ್ಪ್ರಿಂಗಿನ ಎಳೆತ ಮತ್ತು ಮುಂದಿನ ತಂತಿಗಳ ಎಳೆತದ ನಡುವೆ ತೇಲಿಕೊಂಡಿತ್ತು. ಒಂದು ತಂತಿ ಹೋದದ್ದೇ ತಡ ಸ್ಪ್ರಿಂಗ್ ಗೆದ್ದು ಉಳಿದ ಐದೂ ತಂತಿ ಶ್ರುತಿ ಮೀರಿ ಮೇಲೇರಿದವು. ಗಾಯಕಿ ಹಾಡುತ್ತಲೇ ಹಿಂದಕ್ಕೆ ತಿರುಗಿ ನೋಡಿದ ನೋಟ ಇನ್ನೂ ಮರೆತಿಲ್ಲ. ಮಾರನೇ ದಿನವೇ ಹಿಂಬದಿಯ ಪ್ಲೇಟ್ ಬಿಚ್ಚಿ, ಬ್ರಿಜ್ಜಿನ ಕಬ್ಬಿಣದ ಗಟ್ಟಿಗೂ ಮರಕ್ಕೂ ನಡುವಿನ ಸಂದಿಗೆ ಅಳತೆಗೆ ಸರಿಯಾದ ಮರದ ತುಂಡು ಬೆಣೆಯಂತೆ ಕೂರಿಸಿದೆ. ನಿಮ್ಮದಕ್ಕೂ ಹಾಗೇ ಮಾಡಿಸಿ, ಇಲ್ಲವೇ ಸ್ಪ್ರಿಂಗ್ ಬಿಗಿ ಮಾಡಿಸಿ ಬ್ರಿಜ್ ಮೈಗೆ ಅಂಟಿ ಕೂರುವಂತೆ ನೋಡಿಕೊಳ್ಳಿ. ಒಳಕ್ಕೆ ಒತ್ತುವ ಅಲುಗಾಟ ಬೇಕೆನಿಸಿದರೆ ಎರಡನೆಯದು ಸಾಕು.

ಅಂಗಡಿಗೆ ಹೋದಾಗ ಮೊದಲು ನೆಕ್ಕಿನ ಅಂಚಿಗೆ ಬೆರಳು ಸವರಿ. ಫ್ರೆಟ್ ತುದಿ ಚರ್ಮ ಕೆರೆದರೆ ಬೇರೆಯದು ಕೇಳಿ. ಆಮೇಲೆ ಮೊದಲ ಎರಡು ತಂತಿಯನ್ನು ಹನ್ನೆರಡನೇ ಫ್ರೆಟ್ಟಿನಿಂದ ಮೇಲಕ್ಕೆ ಒಂದೊಂದಾಗಿ ಒತ್ತಿ ಎಳೆದು ನೋಡಿ. ನಮ್ಮ ಹಾಡುಗಳಲ್ಲಿ ಜಾರು, ಕಂಪನ ಬರಬೇಕಾದರೆ ತಂತಿ ಎಳೆಯದೆ ಗತಿಯಿಲ್ಲ. ಎಳೆದಾಗ ಸ್ವರ ಉಸಿರು ಕಟ್ಟಿದಂತೆ ಸತ್ತರೆ ಫ್ರೆಟ್ಟುಗಳ ಎತ್ತರ ಸಮ ಇಲ್ಲದಿರಬಹುದು. ಸ್ಪ್ಲಿಟ್ ನಿಜವಾಗಿ ಕೆಲಸ ಮಾಡುತ್ತದೆಯೇ ಅಂತ ನೋಡಲು ಕಿವಿಯನ್ನೇ ನಂಬಬೇಕಿಲ್ಲ. ಆಂಪ್ ಸದ್ದು ತಗ್ಗಿಸಿ, ಹಂಬಕರಿನ ಮೇಲೆ ಕಾಣುವ ಲೋಹದ ಮೊಳೆಗಳ ಒಂದೊಂದು ಸಾಲಿನ ತಲೆಯನ್ನು ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ತಟ್ಟಿ. ಎರಡೂ ಸಾಲು ಟಕ್ ಅಂದರೆ ಪೂರ್ತಿ ಹಂಬಕರ್. ನಾಬ್ ಎಳೆದ ಮೇಲೆ ಒಂದು ಸಾಲು ಮಾತ್ರ ಜೋರಾಗಿ ಟಕ್ ಅಂದು ಇನ್ನೊಂದು ಮಂಕಾದರೆ ಸ್ಪ್ಲಿಟ್ ಸರಿ ಇದೆ. ಅಂಗಡಿಯವರು ಹುಬ್ಬೇರಿಸುತ್ತಾರೆ, ಏರಿಸಲಿ.

ಮನೆಗೆ ತಂದ ಮೇಲೆ ಸೆಟಪ್, ಅಂದರೆ ಗಿಟಾರನ್ನು ನಿಮ್ಮ ಕೈಗೆ ಹೊಂದಿಸುವ ಕೆಲಸ. ಮೊದಲೇ ಹೇಳಿದ ಎರಡು ಖರ್ಚಿನಲ್ಲಿ ಇದು ಚಿಕ್ಕದು. ಹೊಸ ಗಿಟಾರ್ ಕಾರ್ಖಾನೆಯಿಂದ ನಿಮ್ಮ ಬೆರಳಿಗೆ ಅಂತ ಹೊಂದಿಸಿ ಬಂದಿರುವುದಿಲ್ಲ. 9-42 ತಂತಿ ಹಾಕಿಸಿ (ತೀರ ತೆಳು ಮತ್ತು ತೀರ ದಪ್ಪ ತಂತಿಗಳ ಅಳತೆ, ಇಂಚಿನ ಸಾವಿರದ ಪಾಲಿನಲ್ಲಿ). ಅಕೌಸ್ಟಿಕ್ ಕೈಗೆ ಮೊದಲು ಸಡಿಲ ಅನಿಸುತ್ತದೆ, ಹದಿನೈದು ದಿನದಲ್ಲಿ ಒಗ್ಗುತ್ತದೆ. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿಯ ಎತ್ತರ ಮೊದಲನೆಯದಕ್ಕೆ 1.6 ಮಿಲಿಮೀಟರ್, ಆರನೆಯದಕ್ಕೆ 2 ಇರಲಿ. ಪಿಕಪ್ ಎತ್ತರವನ್ನೂ ಹೊಂದಿಸಬೇಕು. ಹಂಬಕರ್ ಹುಟ್ಟಾ ಜೋರು, ಅದನ್ನು ತುಸು ಕೆಳಗಿಳಿಸಿದರೆ ಸ್ವಿಚ್ ಬದಲಿಸಿದಾಗ ಸದ್ದು ದಿಢೀರನೆ ಏರುವುದಿಲ್ಲ. ಸಿಂಗಲ್ ಕಾಯಿಲ್ಲನ್ನು ತಂತಿಗೆ ತೀರ ಹತ್ತಿರ ತಂದು ಸರಿದೂಗಿಸಲು ಹೋಗಬೇಡಿ. ಅಯಸ್ಕಾಂತವೇ ತಂತಿಯನ್ನು ಸೆಳೆದು ಆರನೇ ತಂತಿಯ ಮೇಲಿನ ಸ್ವರಗಳು ವಿಚಿತ್ರವಾಗಿ ನಡುಗುತ್ತವೆ. ಎಷ್ಟೋ ಜನ ಇದನ್ನು ಶ್ರುತಿ ದೋಷ ಅಂದುಕೊಂಡು ಬಿರಡೆ ಬದಲಿಸಿದ್ದಾರೆ.

ಮಳೆಗಾಲದ ಮಾತು ಇಲ್ಲೇ ಬರುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆ ಗಾಳಿಯೇ ಒದ್ದೆ. ಮರ ತೇವ ಕುಡಿದು ಉಬ್ಬುತ್ತದೆ, ನೆಕ್ ಮುಂದಕ್ಕೆ ಬಾಗುತ್ತದೆ, ತಂತಿ ಎದ್ದಂತೆ ಕಾಣುತ್ತದೆ. ಹೊಸದಕ್ಕೂ ಇದು ತಪ್ಪಿದ್ದಲ್ಲ. ಆದರೆ ಇದು ರೋಗವಲ್ಲ, ವರ್ಷಕ್ಕೆರಡು ಸಲ ಮಾಡಬೇಕಾದ ಕೆಲಸ ಅಷ್ಟೆ. ಅಳೆಯುವುದು ಸುಲಭ. ಮೊದಲ ಫ್ರೆಟ್ಟಿಗೆ ಕೇಪೊ (ಎಲ್ಲ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ, ಆರನೇ ತಂತಿಯನ್ನು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿಯಿರಿ. ಈಗ ತಂತಿಯೇ ನಿಮ್ಮ ಅಡಿಪಟ್ಟಿ. ಏಳನೇ ಫ್ರೆಟ್ಟಿನ ನೆತ್ತಿಗೂ ತಂತಿಗೂ ನಡುವೆ ಎಷ್ಟು ಸಂದು ಇದೆ ನೋಡಿ. ಅಳೆಯಲು ಹೊಸ ಉಪಕರಣ ಕೊಳ್ಳಬೇಕಿಲ್ಲ: 9ರ ಸೆಟ್ಟಿನ ಮೊದಲ ತಂತಿಯ ದಪ್ಪ 0.23 ಮಿಲಿಮೀಟರ್. ಹಳೆಯ ತಂತಿಯ ತುಂಡೊಂದನ್ನು ಆ ಸಂದಿಗೆ ತೂರಿಸಿ. ತುಸು ತಾಗಿಕೊಂಡು ಜಾರಿದರೆ ಸರಿ. ಸಡಿಲವಾಗಿ ಓಡಾಡಿದರೆ ನೆಕ್ ಬಾಗಿದೆ. ತ್ರಸ್ ರಾಡನ್ನು ಅಲೆನ್ ಕೀಯಿಂದ ಗಡಿಯಾರದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. ಬಿಗಿ ಹಿಡಿದರೆ ಬಲ ಹಾಕಬೇಡಿ, ತಿಳಿದವರ ಕೈಗೆ ಕೊಡಿ. ಬೇಸಿಗೆಯಲ್ಲಿ ತಂತಿ ಫ್ರೆಟ್ಟಿಗೆ ಬಡಿದು ಜರ್ ಅನ್ನತೊಡಗಿದರೆ ಅದೇ ಕೆಲಸ, ಉಲ್ಟಾ ದಿಕ್ಕಿಗೆ.

ಮಳೆಗಾಲದಲ್ಲಿ ಗಿಟಾರನ್ನು ಚೀಲದೊಳಗೆ ಸಿಲಿಕಾ ಜೆಲ್ ಜೊತೆ ಇಡಿ. ಒದ್ದೆ ಗೋಡೆಗೆ ಒರಗಿಸಬೇಡಿ. ಬೆಚ್ಚಗಿರಲಿ ಅಂತ ಬಚ್ಚಲ ಒಲೆಯ ಪಕ್ಕದ ಗೋಡೆಗೆ ನೇತುಹಾಕಿದ್ದ ಒಬ್ಬರ ಗಿಟಾರ್ ನೋಡಿದ್ದೇನೆ, ಬೆರಳುಪಟ್ಟಿ ಒಣಗಿ ಬಿರುಕು ಬಿಟ್ಟಿತ್ತು. ಅಂದಹಾಗೆ ಆ ಬೆರಳುಪಟ್ಟಿಯ ಕರಿಗಂದು ಮರ ಎಷ್ಟೋ ಗಿಟಾರುಗಳಲ್ಲಿ ನಮ್ಮ ಬೀಟೆಯೇ. 2017ರಲ್ಲಿ ಬೀಟೆಯ ಇಡೀ ಕುಲವನ್ನು ಸೈಟೀಸ್ ಒಪ್ಪಂದದ (ಅಳಿವಿನ ಭೀತಿಯ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿಸಿದಾಗ ಗಿಟಾರ್ ಕಂಪನಿಗಳು ಬೇರೆ ಮರ ಹುಡುಕಿಕೊಂಡು ಓಡಿದವು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನಿಮ್ಮ ಮನೆಯ ಹಳೆಯ ಮಂಚದ ಮರವೇ ಲೋಕ ಸುತ್ತಿ ಗಿಟಾರಾಗಿ ನಿಮ್ಮ ಅಂಗಡಿಗೆ ಬಂದಿರಲೂ ಸಾಕು.

ಈಗ ದೊಡ್ಡ ಖರ್ಚು. ನಿಮ್ಮ ತಂಡದಲ್ಲಿ ಗಿಟಾರ್ ಆಂಪ್ ಇಲ್ಲ ಅಂತ ನಾನು ಊಹಿಸುತ್ತೇನೆ, ರಸಮಂಜರಿಯಲ್ಲಿ ಅದು ಅಪರೂಪ. ಸೌಂಡಿನವರು ಒಂದು ವೈರ್ ಕೊಟ್ಟು ‘ಸರ್, ಇದಕ್ಕೇ ಹಾಕಿ’ ಅನ್ನುತ್ತಾರೆ, ಅದು ನೇರ ಮಿಕ್ಸರಿಗೆ. ಹಾಗೆ ಹಾಕಿದರೆ ಎರಡು ಲಕ್ಷದ ಗಿಟಾರೂ ತಗಡಿನ ಡಬ್ಬಿಯಂತೆ ನುಡಿಯುತ್ತದೆ. ಕಾರಣ ಎರಡು. ಮಿಕ್ಸರಿನ ಸಾಧಾರಣ ಕಿಂಡಿ ಪಿಕಪ್ಪಿನ ಮೇಲೆ ಹೊರೆ ಹಾಕಿ ಮೇಲಿನ ಸ್ವರಗಳನ್ನು ನುಂಗುತ್ತದೆ. ಪಿಕಪ್ಪಿಗೆ ಬೇಕಾದದ್ದು ಒಂದು ಮೆಗಾಓಮ್‌ನಷ್ಟು ವಿದ್ಯುತ್ ತಡೆ ಇರುವ ಇನ್‌ಪುಟ್. ಡಿಸ್ಟಾರ್ಷನ್ ಹಾಕಿದರೆ ಕಷ್ಟ ಇನ್ನೊಂದು ಬಗೆಯದು. ಗಿಟಾರ್ ಆಂಪಿನ ಸ್ಪೀಕರ್ ಸುಮಾರು 5 ಸಾವಿರ ಹರ್ಟ್ಜ್ ದಾಟಿದ ಮೇಲೆ ಸದ್ದನ್ನು ಬಿಟ್ಟುಕೊಡುವುದೇ ಇಲ್ಲ. ಪೆಂಡಾಲಿನ ದೊಡ್ಡ ಬಾಕ್ಸುಗಳು ಎಲ್ಲವನ್ನೂ ಬಿಚ್ಚಿ ಹೇಳುತ್ತವೆ. ಆಗ ಕೇಳುವುದು ಗಿಟಾರಲ್ಲ, ಡಬ್ಬಿಯೊಳಗೆ ಸಿಕ್ಕಿದ ಜೇನ್ನೊಣ.

ಹಾಗಾಗಿ ಹತ್ತು ಹನ್ನೆರಡು ಸಾವಿರವನ್ನು ಕ್ಯಾಬಿನೆಟ್ ಸಿಮ್ಯುಲೇಶನ್ (ಗಿಟಾರ್ ಸ್ಪೀಕರಿನ ಗುಣವನ್ನು ಅನುಕರಿಸುವ ಸೌಕರ್ಯ) ಇರುವ ಒಂದು ಮಲ್ಟಿ ಎಫೆಕ್ಟ್ಸ್ ಪ್ರೊಸೆಸರಿಗೆ ಎತ್ತಿಡಿ. ಅದರೊಳಗೆ ನೂರಿನ್ನೂರು ಸದ್ದು ತುಂಬಿರುತ್ತವೆ. ನಿಮಗೆ ಮೂರು ಸಾಕು. ಒಂದು ತಿಳಿ ಸದ್ದು ಸ್ವಲ್ಪ ಕೋರಸ್ ಜೊತೆ, ಒಂದು ಅರೆ ಒಡಕು, ಒಂದು ಪೂರ್ತಿ ರಾಕ್. ಆ ಮೂರನ್ನು ಮನೆಯ ಹೆಡ್‌ಫೋನಿನಲ್ಲಿ ಕೂರಿಸಬೇಡಿ, ತಂಡದ ಪ್ರಾಕ್ಟೀಸಿನಲ್ಲಿ ಅದೇ ಬಾಕ್ಸುಗಳ ಮುಂದೆ ಕೂರಿಸಿ. ಹೆಡ್‌ಫೋನಿನಲ್ಲಿ ಮಧುರವಾಗಿದ್ದ ರಿವರ್ಬ್ (ಮಾರ್ದನಿ) ಬಯಲಿನಲ್ಲಿ ಎಲ್ಲವನ್ನೂ ಕಲಸಿಬಿಡುತ್ತದೆ.

ಇದಕ್ಕಿಂತ ಅಗ್ಗದ, ಇದಕ್ಕಿಂತ ದೊಡ್ಡ ಉಪಕರಣ ಗಿಟಾರಿನ ವಾಲ್ಯೂಮ್ ನಾಬ್. ಅರೆ ಒಡಕಿನ ಸದ್ದು ಹಾಕಿಕೊಂಡು ನಾಬನ್ನು 10ರಿಂದ 6ಕ್ಕೆ ಇಳಿಸಿ ನೋಡಿ. ಒಡಕು ಕರಗಿ ಸದ್ದು ತಿಳಿಯಾಗುತ್ತದೆ, ಕಾಲಿನ ಸ್ವಿಚ್ ಒತ್ತಬೇಕಿಲ್ಲ. ಪಲ್ಲವಿಯನ್ನು 6ರಲ್ಲಿ ನುಡಿಸಿ, ನಡುವಿನ ಬಿಜಿಎಂಗೆ ಕಿರುಬೆರಳಿನಿಂದಲೇ 10ಕ್ಕೆ ತಳ್ಳಿ, ಚರಣಕ್ಕೆ ಮತ್ತೆ ಇಳಿಸುವುದು ಒಂದು ತಿಂಗಳಲ್ಲಿ ಕೈಗೆ ಬರುತ್ತದೆ. ಇಳಿಸಿದಾಗ ಸದ್ದು ಕಂಬಳಿ ಹೊದ್ದಂತೆ ಮಂಕಾದರೆ ನಾಬಿಗೆ ಒಂದು ಪುಟ್ಟ ಕೆಪಾಸಿಟರ್, ಒಂದು ರೆಸಿಸ್ಟರ್ ಸೇರಿಸಿ ಬೆಸುಗೆ ಹಾಕಿಸಿ. ಟ್ರೆಬಲ್ ಬ್ಲೀಡ್ ಅಂದರೆ ರಿಪೇರಿಯವರಿಗೆ ಗೊತ್ತು, ಸಾಮಾನಿನ ಖರ್ಚು ಒಂದು ಮಸಾಲೆ ದೋಸೆಯಷ್ಟೂ ಆಗುವುದಿಲ್ಲ. ಪ್ರೊಸೆಸರಿಗೆ ಹೋಗುವ ವೈರ್ ಐದು ಮೀಟರಿಗಿಂತ ಉದ್ದ ಬೇಡ, ಉದ್ದವಾದಷ್ಟೂ ಚೂಪು ಸೋರುತ್ತದೆ.

ಪಿಕಪ್ ಬದಲಿಸಬೇಕೇ ಅಂತ ಮುಂದೆ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಒಂದು ವರ್ಷ ಬೇಡ. ಆ ದುಡ್ಡಿಗೆ ಹತ್ತು ಸೆಟ್ ತಂತಿ ತಂದಿಡಿ, ನಿಮ್ಮ ಹವೆಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ.

ಇನ್ನು ಗುಂಯ್. ಹಂಬಕರ್ ಹಾಕಿದಾಗಲೂ ಅದು ಹೋಗದಿದ್ದರೆ, ತಂತಿಯನ್ನು ಕೈಯಿಂದ ಮುಟ್ಟಿದಾಗ ಮಾತ್ರ ನಿಂತರೆ, ಗಿಟಾರಿನೊಳಗಿನ ಶೀಲ್ಡಿಂಗ್ (ಹೊರಗಿನ ಗುಂಯ್ ತಡೆಯುವ ಲೋಹದ ಹೊದಿಕೆ) ಸಾಲದು. ಮುಟ್ಟಿದಾಗ ಇನ್ನೂ ಜೋರಾದರೆ ಅರ್ಥಿಂಗ್ ಅನುಮಾನಿಸಿ. ಇದು ಬರೀ ಸದ್ದಿನ ಪ್ರಶ್ನೆಯಲ್ಲ. ಗಿಟಾರಿನ ತಂತಿಗಳು ಅರ್ಥಿಗೆ ಜೋಡಿಸಿಕೊಂಡಿರುತ್ತವೆ. ಎಡಗೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇದ್ದಾಗ ಎರಡರ ಅರ್ಥಿಂಗ್ ಒಂದೇ ಆಗಿಲ್ಲದಿದ್ದರೆ ಕರೆಂಟು ನಿಮ್ಮ ಮೈಯೊಳಗಿಂದ ದಾರಿ ಮಾಡಿಕೊಳ್ಳುತ್ತದೆ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ ಸತ್ತದ್ದು ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ. ಜನರೇಟರ್ ಇಟ್ಟ ಪೆಂಡಾಲಿನಲ್ಲಿ, ಅದರಲ್ಲೂ ಮಳೆಯಲ್ಲಿ ನೆಲ ನೆಂದಿದ್ದರೆ, ಶ್ರುತಿ ಮಾಡುವ ಮೊದಲೇ ಒಂದು ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಒಂದು ಕಡ್ಡಿ ಬ್ರಿಜ್ಜಿಗೆ, ಇನ್ನೊಂದು ಮೈಕಿನ ಜಾಲರಿಗೆ ಹಿಡಿಯಿರಿ. ಒಂದೆರಡು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಸೌಂಡಿನವರನ್ನು ಕರೆಯಿರಿ. ನಿಮ್ಮ ಪ್ರೊಸೆಸರಿಗೂ ಮೈಕಿನ ಮಿಕ್ಸರಿಗೂ ಒಂದೇ ಅರ್ಥ್ ಇರುವ ಬೋರ್ಡಿನಿಂದ ಕರೆಂಟು ಕೊಡಿಸಿ, ಮತ್ತೆ ಅಳೆಯಿರಿ. ಮೂರನೇ ಪಿನ್ ಮುರಿದ ಪ್ಲಗ್ಗೇನಾದರೂ ಕಂಡರೆ ಅದನ್ನು ಅವರ ಎದುರೇ ತೆಗೆಸಿ. ಎಷ್ಟೇ ಅವಸರ ಮಾಡಿದರೂ ಅಲ್ಲಿಯವರೆಗೆ ಹೆಗಲಿಗೆ ಗಿಟಾರ್ ಏರಿಸಬೇಡಿ.